ಹಿಂಬಾಗಿಲಿಲ್ಲದ ಶಿಶುವಿಹಾರ

ಮಾರ್ಚ್ ೧೬, ಭಾನುವಾರ

ಪ್ರೀತಿಯ ಅಕ್ಕಾ,

ಫೋನು ಮಾಡಿದರೆ ನೀನು ಎತ್ತುವುದಿಲ್ಲವೆಂದು ಗೊತ್ತಿದ್ದೇ ಕಾಗದ ಬರೆಯುತ್ತಿದ್ದೇನೆ. ಹಗಲೆಲ್ಲ ಪುಸ್ತಕಗಳಿಗೆ ರಟ್ಟು ಕಟ್ಟುವವಳು ನೀನು; ಬರೆದದ್ದನ್ನು ಓದದೆ ಹರಿದುಹಾಕಲಾರೆ ಎಂಬ ಧೈರ್ಯ ನನಗೆ.

ಹೋದ ತಿಂಗಳು ಇವರು ನಿನಗೆ ಫೋನು ಮಾಡಿದ್ದರಲ್ಲ, ಅಲ್ಲಿಂದಲೇ ಶುರುಮಾಡುತ್ತೇನೆ. ನನ್ನನ್ನು ಒಂದು ಮಾತೂ ಕೇಳದೆ, "ಅಕ್ಕಾ, ನೀವೇ ಬಂದು ನಮ್ಮ ಜೊತೆ ಇದ್ದುಬಿಡಿ, ಮಗು ನಿಮ್ಮ ಕೈಲಿದ್ರೆ ನಮಗೆ ಯಾವ ಶಾಲೆನೂ ಬೇಡ" ಎಂದರು. ಪಕ್ಕದಲ್ಲಿ ಬಟ್ಟೆ ಮಡಿಸುತ್ತಿದ್ದ ನಾನು "ಅಯ್ಯೋ ಬೇಡ, ಅಕ್ಕ ಬೇಡ" ಎಂದು ಕೂಗಿಬಿಟ್ಟೆ. ನಿನಗದು ಕೇಳಿಸಿತು. "ಒಲೆ ಮೇಲೆ ಹಾಲಿಟ್ಟಿದ್ದೀನಿ" ಎಂದು ನೀನು ಫೋನಿಟ್ಟೆ. ನಿನ್ನ ಮನೆಗೆ ಹಾಲು ಬರುವುದಿಲ್ಲವೆಂದು ನನಗೆ ಗೊತ್ತಿಲ್ಲವೇ?

ಆ "ಬೇಡ"ದ ಅರ್ಥ ನೀನು ಅಂದುಕೊಂಡದ್ದಲ್ಲ ಅಕ್ಕಾ. ಅದನ್ನು ಹೇಳಲು ನಾನು ಸ್ವಲ್ಪ ಸುತ್ತುಹಾಕಿ ಬರಬೇಕು. ತಾಳ್ಮೆಯಿಂದ ಓದು.

ನಮ್ಮ ಬುಗುರಿಗೆ ಮೂರು ತುಂಬಿ ನಾಲ್ಕನೆಯದು ನಡೆಯುತ್ತಿದೆ. ಹೆಸರಿಗೆ ತಕ್ಕ ಹಾಗೆ ಒಂದು ಕಡೆ ನಿಲ್ಲುವ ಜೀವವಲ್ಲ. ಇಷ್ಟು ದಿನ ಅಮ್ಮ ನೋಡಿಕೊಂಡಳು. ಈಗ ಅವಳ ಮಂಡಿಗಳು ಮುಷ್ಕರ ಹೂಡಿವೆ. ಬೆಳಿಗ್ಗೆ ಏಳಕ್ಕೆ ನಾನು ಆಸ್ಪತ್ರೆಯಲ್ಲಿ ಸೂಜಿ ಹಿಡಿದು ರಕ್ತ ತೆಗೆಯಲು ಕೂತಿರಬೇಕು. ಇವರ ಬಸ್ಸು ಒಂದು ವಾರ ಬೆಳಿಗ್ಗೆ ಆರೂವರೆಗೆ ಡಿಪೋ ಬಿಟ್ಟರೆ ಇನ್ನೊಂದು ವಾರ ಮಧ್ಯಾಹ್ನ ಎರಡಕ್ಕೆ. ನಾವಿಬ್ಬರೂ ಮನೆಯಲ್ಲಿ ಒಟ್ಟಿಗೆ ಸಿಕ್ಕರೆ ಅತಿಥಿಗಳ ಹಾಗೆ ಮುಖ ಮುಖ ನೋಡಿಕೊಳ್ಳುತ್ತೇವೆ. ಹೀಗಾಗಿ ಶಿಶುವಿಹಾರ ಹುಡುಕಲು ಹೊರಟೆ.

ಮೊದಲನೆಯದು ಮನೆಯ ಹತ್ತಿರವೇ. ಒಂಬತ್ತೂವರೆಗೆ ಶುರು, ಹನ್ನೆರಡೂವರೆಗೆ ಬಾಗಿಲು ಬಂದ್. ಉಳಿದ ಹೊತ್ತು ಏನು ಮಾಡಲಿ ಎಂದು ಕೇಳಿದೆ. "ಉಳಿದ ಹೊತ್ತು ಮಗು ತಾಯಿ ಹತ್ರ ಇರಬೇಕಮ್ಮಾ" ಎಂದು ಉಪದೇಶ ಮಾಡಿದರು. ಆ ತಾಯಿ ಆ ಹೊತ್ತಿನಲ್ಲಿ ಯಾರದೋ ತೋಳಿನಲ್ಲಿ ನರ ಹುಡುಕುತ್ತಿರುತ್ತಾಳೆ ಎನ್ನೋಣವೆನಿಸಿತು. ನಿಜ ಹೇಳಬೇಕೆಂದರೆ ಅವರ ಮಾತು ನನ್ನ ಕಿವಿಗೆ ಅರ್ಧವೇ ಬಿದ್ದಿತ್ತು. ಒಳಗೆ ಕಾಲಿಟ್ಟಾಗಿನಿಂದ ನನ್ನ ಕಣ್ಣು ಹುಡುಕುತ್ತಿದ್ದದ್ದು ಒಂದನ್ನೇ: ಈ ಮನೆಗೆ ಹಿಂಬಾಗಿಲು ಇದೆಯೇ?

ಎರಡನೆಯದು ಗಾಜಿನ ಕಟ್ಟಡ. ಪ್ರತಿ ಕೋಣೆಯಲ್ಲೂ ಕ್ಯಾಮೆರಾ. ಎಲ್ಲಿದ್ದರೂ ಫೋನಿನಲ್ಲೇ ಮಗುವನ್ನು ನೋಡುತ್ತಿರಬಹುದಂತೆ. ಅಲ್ಲಿಯ ಹುಡುಗಿ ತೋರಿಸಿದಳು. ಉದ್ದನೆಯ ಖಾಲಿ ಪಡಸಾಲೆ. ಒಂದೂವರೆ ವರ್ಷದ ಮಗುವೊಂದು ತಟ್ಟಾಡುತ್ತ ಬಂತು, ಚಿತ್ರದ ಅಂಚಿನವರೆಗೂ ನಡೆಯಿತು, ಆಚೆ ಹೋಯಿತು. ಪಡಸಾಲೆ ಮತ್ತೆ ಖಾಲಿ. "ಆ ಮಗು ಎಲ್ಲಿಗೆ ಹೋಯ್ತು?" ಎಂದೆ. "ಪಕ್ಕದ ಕ್ಯಾಮೆರಾದಲ್ಲಿ ಇರತ್ತೆ ಬಿಡಿ" ಎಂದಳು. ಪಕ್ಕದ್ದನ್ನು ತೋರಿಸು ಎಂದೆ. ಅವಳು ಒತ್ತಿದಳು, ಅದು ಸುತ್ತುತ್ತಲೇ ಇತ್ತು, ತೆರೆಯಲಿಲ್ಲ. ಬುಗುರಿಯನ್ನು ಎತ್ತಿಕೊಂಡು ಹೊರಗೆ ಬಂದುಬಿಟ್ಟೆ. ಇವರು ಕೇಳಿದಾಗ ಅಲ್ಲಿ ತುಂಬಾ ದುಬಾರಿ ಎಂದು ಸುಳ್ಳು ಹೇಳಿದೆ.

ಅಕ್ಕಾ, ಆ ಮಗುವಿನ ಕತ್ತಿನ ಹಿಂದೆ ಕೂದಲು ಸುರುಳಿಯಾಗಿತ್ತು. ತಮ್ಮನಿಗೆ ಇತ್ತಲ್ಲ, ಹಾಗೆ.

ಇಪ್ಪತ್ತೊಂಬತ್ತು ವರ್ಷದಿಂದ ನಾವಿಬ್ಬರೂ ಅವನ ಮಾತೆತ್ತಿಲ್ಲ. ನಮ್ಮ ಮನೆಯಲ್ಲಿ ಅವನ ಫೋಟೋ ಕೂಡ ಇಲ್ಲ. ಆದರೆ ಈ ಒಂದು ತಿಂಗಳಲ್ಲಿ ನಾನು ಕಾಲಿಟ್ಟ ಕಡೆಯೆಲ್ಲ ಅವನು ನನಗಿಂತ ಮೊದಲೇ ಹೋಗಿ ಕೂತಿದ್ದ.

ಮೂರನೆಯದು ಇವರ ಡಿಪೋದ ಹಿಂದಿನ ಬೀದಿಯಲ್ಲಿದೆ. ಹಳೆಯ ಮನೆಯ ಕೆಳಗಿನ ಅಂತಸ್ತು. ನಡೆಸುವಾಕೆ ಹಿಂದೆ ಹೆರಿಗೆ ವಾರ್ಡಿನಲ್ಲಿ ನರ್ಸಾಗಿದ್ದವರು, ಮಕ್ಕಳೆಲ್ಲ ಅವರನ್ನು ದೊಡ್ಡತ್ತೆ ಎನ್ನುತ್ತಾರೆ. ಬೆಳಿಗ್ಗೆ ಆರಕ್ಕೆ ತೆರೆದರೆ ಸಂಜೆ ಏಳರವರೆಗೆ. "ಬಸ್ಸಿನವರ ಮಕ್ಕಳು, ಆಸ್ಪತ್ರೆಯವರ ಮಕ್ಕಳು, ಮಾರ್ಕೆಟ್ಟಿನವರ ಮಕ್ಕಳು. ಗಡಿಯಾರ ನೋಡಿ ಹೆತ್ತವರ್ಯಾರೂ ಇಲ್ಲ ಇಲ್ಲಿ" ಎಂದು ನಕ್ಕರು. ಊಟವಾಗಿ ಮಕ್ಕಳು ಚಾಪೆಯ ಮೇಲೆ ಮಲಗಿದ್ದವು. ಹದಿನೇಳು ಜನ ಎಂದರು. ನಾನು ಎಣಿಸಿದೆ, ಹದಿನೆಂಟು. ಮತ್ತೆ ಎಣಿಸಿದೆ, ಹದಿನೇಳು. ಮೂರನೆಯ ಸಲ ಎಣಿಸುವ ಧೈರ್ಯವಾಗಲಿಲ್ಲ.

ಅಷ್ಟರಲ್ಲಿ ಏನೋ ಎಳೆದ ಸದ್ದಾಯಿತು. ತಿರುಗಿ ನೋಡಿದರೆ ಬುಗುರಿ ಪ್ಲಾಸ್ಟಿಕ್ ಸ್ಟೂಲನ್ನು ಅಡುಗೆಮನೆಯ ಆಚೆಯ ಬಾಗಿಲಿಗೆ ಒತ್ತಿಟ್ಟು, ಮೇಲೆ ಹತ್ತಿ, ತುದಿಗಾಲಲ್ಲಿ ನಿಂತು ಚಿಲಕಕ್ಕೆ ಕೈ ಚಾಚಿದ್ದಾಳೆ. ಹೇಗೆ ಓಡಿದೆನೋ ಗೊತ್ತಿಲ್ಲ. ಅವಳ ರಟ್ಟೆ ಹಿಡಿದು ಇಳಿಸಿ ಕೆನ್ನೆಗೆ ಹೊಡೆದೆ. ಒಂದಲ್ಲ, ಎರಡು. ಹುಟ್ಟಿದಾಗಿನಿಂದ ಅವಳ ಮೇಲೆ ಕೈಯೆತ್ತಿದವಳಲ್ಲ ನಾನು. ಮಲಗಿದ್ದ ಮಕ್ಕಳೆಲ್ಲ ಎದ್ದು ಅಳತೊಡಗಿದವು.

ದೊಡ್ಡತ್ತೆ ಬುಗುರಿಯನ್ನು ಬೇರೆಯವಳ ಕೈಗೆ ಕೊಟ್ಟು, ನನ್ನನ್ನು ಒಳಗೆ ಕೂರಿಸಿ ನೀರು ಕೊಟ್ಟರು. "ಇವತ್ತಿನ ಏಟಲ್ಲ ಇದು. ಯಾವ ಕಾಲದ್ದು?" ಎಂದರು. ಅಪ್ಪನಿಗೆ, ಅಮ್ಮನಿಗೆ, ಕಟ್ಟಿಕೊಂಡ ಗಂಡನಿಗೆ ಹೇಳದ್ದನ್ನು ಗುರುತಿಲ್ಲದ ಆ ಹೆಂಗಸಿನ ಮುಂದೆ ಹೇಳಿಬಿಟ್ಟೆ. ಈಗ ನಿನಗೆ ಹೇಳುತ್ತೇನೆ. ಮೊದಲು ಹೇಳಬೇಕಾಗಿದ್ದು ನಿನಗೇ.

ಅವತ್ತು ಹಿಂಬಾಗಿಲ ಚಿಲಕ ತೆಗೆದವಳು ನಾನು.

ಅಪ್ಪ ಅಮ್ಮ ಇಬ್ಬರೂ ಕಾರ್ಖಾನೆಗೆ ಹೋಗಿದ್ದರು. ನೀನು ನಮಗಾಗಿ ಶಾಲೆ ಬಿಟ್ಟು ಆರು ತಿಂಗಳಾಗಿತ್ತು. ನೀನು ತಮ್ಮನನ್ನು ಮಲಗಿಸಿ, ಬಾಗಿಲುಗಳನ್ನು ಎರಡೆರಡು ಸಲ ನೋಡಿ, ಅನ್ನಕ್ಕಿಡಲು ಹೋದೆ. ಹಿಂದಿನ ಸೈಟಿನಲ್ಲಿ ಮನೆ ಕಟ್ಟಲು ಮರಳು ಸುರಿದಿದ್ದರು. ಅದರ ಮೇಲೆ ಜಾರಬೇಕೆಂದು ನನಗೆ ಆಸೆ. ಬೇಡವೆಂದು ನೀನು ಬೆಳಿಗ್ಗೆಯೇ ಹೇಳಿದ್ದೆ. ನಾನು ಸ್ಟೂಲು ಎಳೆದು ಚಿಲಕ ತೆಗೆದೆ, ಹೋದೆ, ನಾಲ್ಕು ಸಲ ಜಾರಿದೆ, ವಾಪಸು ಬಂದೆ. ಸ್ಟೂಲನ್ನು ಅದರ ಜಾಗದಲ್ಲಿಟ್ಟೆ. ಬಾಗಿಲನ್ನು ಮುಂದಕ್ಕೆ ಎಳೆದೆ ಅಷ್ಟೆ, ಚಿಲಕ ಹಾಕಲಿಲ್ಲ. ಅವನು ಎದ್ದದ್ದು ಯಾವಾಗ, ಹೋದದ್ದು ಯಾವಾಗ, ನನಗೂ ತಿಳಿಯಲಿಲ್ಲ. ಗೋಡೆಗೆ ಹಾಕುವ ನೀರಿನ ತೊಟ್ಟಿ ಮರಳಿನ ಮಗ್ಗುಲಲ್ಲೇ ಇತ್ತು.

ಅವನನ್ನು ತೊಟ್ಟಿಯಿಂದ ಎತ್ತಿ ತಂದ ಮೇಲೆ ಅಪ್ಪ ನಿನ್ನ ಜುಟ್ಟು ಹಿಡಿದು, "ನಿನ್ನ ಕೈಗೆ ಕೊಟ್ಟು ಹೋಗಿದ್ವಲ್ಲೇ, ಬಾಗಿಲು ಹಾಕೋದಕ್ಕೇನಾಗಿತ್ತು?" ಎಂದು ಕೇಳಿದರು. "ಹಾಕಿದ್ದೆ, ಹಾಕಿದ್ದೆ" ಎಂದೆ ನೀನು. ಯಾರೂ ನಂಬಲಿಲ್ಲ. ನಾಲ್ಕು ದಿನ ಕಳೆದ ಮೇಲೆ ನಿನಗೇ ನಿನ್ನ ಮೇಲೆ ನಂಬಿಕೆ ಹೋಯಿತು, "ಮರೆತಿರಬೇಕು" ಎಂದುಬಿಟ್ಟೆ. ಕಂಬದ ಹಿಂದೆ ನಿಂತು ನಾನು ಆ ಮಾತು ಕೇಳಿಸಿಕೊಂಡೆ. ಆಮೇಲೆ ನಿನ್ನನ್ನು ಸೋದರತ್ತೆಯ ಮನೆಗೆ ಕಳಿಸಿದರು.

ನೀನು ಮರೆತಿರಲಿಲ್ಲ ಅಕ್ಕಾ. ಹಾಕಿದ್ದೆ.

ಎಲ್ಲ ಕೇಳಿದ ಮೇಲೆ ದೊಡ್ಡತ್ತೆ, "ಆಗ ನಿನ್ನ ಅಕ್ಕನಿಗೆ ಎಷ್ಟು ವಯಸ್ಸು?" ಎಂದರು. ಒಂಬತ್ತು, ನನಗೆ ನಾಲ್ಕು ಎಂದೆ. ನನ್ನ ಲೋಟಕ್ಕೆ ಇನ್ನಷ್ಟು ನೀರು ಹಾಕಿದರು. ಆಮೇಲೆ, "ಹದಿನೇಳು ಮಕ್ಕಳಿಗೆ ನಾವು ಮೂರು ಜನ ಗಟ್ಟಿ ಹೆಂಗಸರಿದ್ದೀವಿ. ಆದರೂ ಕೊನೇ ಮಗು ಮನೆಗೆ ಹೋಗೋ ತನಕ ನನ್ನ ಜೀವ ಬಾಯಲ್ಲಿರತ್ತೆ. ಒಂಬತ್ತು ವರ್ಷದ ಕೂಸು ಇಬ್ಬರನ್ನು ಕಾಯಬೇಕಿತ್ತಾ? ನಾಲ್ಕು ವರ್ಷದ್ದಕ್ಕೆ ಚಿಲಕ ಏನು ಗೊತ್ತು?" ಎಂದರು. ನನ್ನನ್ನೂ ನಿನ್ನನ್ನೂ ಒಂದೇ ಮಾತಿನಲ್ಲಿ ಬಿಡಿಸಿದರು. ನಿನ್ನ ಮಟ್ಟಿಗೆ ಅದು ಸರಿ. ನನ್ನ ಮಟ್ಟಿಗೆ ನಾನು ಒಪ್ಪಲಿಲ್ಲ. ನಾಲ್ಕಕ್ಕೆ ಗೊತ್ತಿರಲಿಲ್ಲ ಸರಿ, ಹತ್ತಕ್ಕೆ ಗೊತ್ತಿತ್ತಲ್ಲ, ಇಪ್ಪತ್ತಕ್ಕೆ ಗೊತ್ತಿತ್ತಲ್ಲ. ನಿನಗೆ ಬಂದ ಸಂಬಂಧವನ್ನು ನೀನು "ಮಕ್ಕಳಾಗೋದು ಬೇಡ ನನಗೆ" ಎಂದು ತಿರುಗಿಸಿ ಕಳಿಸಿದಾಗಲೂ ಗೊತ್ತಿತ್ತು. ಬುಗುರಿ ಹುಟ್ಟಿದಾಗ ಆಸ್ಪತ್ರೆಗೆ ಬಂದ ನೀನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ತೊಟ್ಟಿಲ ಪಕ್ಕ ನಿಂತಿದ್ದೆ. ಎತ್ತಿಕೋ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ನೀನು ನಮ್ಮ ಮನೆಯಲ್ಲಿದ್ದು, ನನ್ನ ಮಗುವಿನ ಹಿಂದೆ ದಿನವಿಡೀ ಚಿಲಕಗಳನ್ನು ಮುಟ್ಟಿ ಮುಟ್ಟಿ ನೋಡುತ್ತ ಓಡಾಡುವುದನ್ನು ನಾನು ಹೇಗೆ ಕಣ್ಣಾರೆ ನೋಡಲಿ? ಅದಕ್ಕೇ "ಬೇಡ" ಎಂದು ಕೂಗಿದ್ದು. ನಿನ್ನನ್ನು ನಂಬದೆ ಅಲ್ಲ.

ಬುಗುರಿಯನ್ನು ದೊಡ್ಡತ್ತೆಯಲ್ಲಿಗೇ ಸೇರಿಸಿದ್ದೇವೆ. ಹಿಂಬಾಗಿಲಿಲ್ಲದ ಮನೆ ಇಡೀ ಊರಲ್ಲಿ ಸಿಗುವುದಿಲ್ಲವೆಂದು ತಿಳಿಯಿತು. ಹದಿನೈದು ದಿನವಾಯಿತು. ಮೊದಲ ವಾರ ಅತ್ತಳು, ಈಗ ಮನೆಗೆ ಬರಲು ಅಳುತ್ತಾಳೆ. ನಾನು ಕೆಲಸದ ನಡುವೆ ದಿನಕ್ಕೆ ನಾಲ್ಕು ಸಲ ಫೋನು ಮಾಡುತ್ತೇನೆ. ದೊಡ್ಡತ್ತೆ ಬೇಸರಿಸದೆ ಎತ್ತಿ, "ಹದಿನೆಂಟೂ ಇದ್ದಾವಮ್ಮಾ" ಎನ್ನುತ್ತಾರೆ. ಬುಗುರಿ ಸೇರಿ ಹದಿನೆಂಟು ಎಂದು ನನಗೆ ಗೊತ್ತು. ಆದರೂ ಪ್ರತಿಸಲ ಇನ್ನೊಮ್ಮೆ ಎಣಿಸಿ ಎನ್ನುತ್ತೇನೆ.

ಕ್ಷಮಿಸು ಎಂದು ಬರೆಯಲು ಮೂರು ಸಲ ಹೊರಟೆ. ಅಷ್ಟು ಚಿಕ್ಕ ಮಾತನ್ನು ನಿನ್ನ ಮುಂದಿಡಲು ನಾಚಿಕೆಯಾಗುತ್ತದೆ. ನೀನು ಬಂದು ನನಗೆ ಬೈ. ಅಥವಾ ಬರಬೇಡ, ಇನ್ನೆಂದೂ ಮಾತಾಡಬೇಡ. ಅದೂ ನಿನ್ನ ಹಕ್ಕೇ. ಇಲ್ಲಿ ಮನೆಯವರಿಗೆಲ್ಲ ಹೇಳಿದ್ದೇನೆ. ಸೋದರತ್ತೆಗೂ ಬರೆದಿದ್ದೇನೆ. ಅಪ್ಪ ಇಲ್ಲ, ಅವರಿಗೆ ಹೇಳಲಾಗಲಿಲ್ಲ.

ನಿನ್ನ ತಂಗಿ

ಮರೆತ ಮಾತು: ಮರೆತದ್ದಲ್ಲ, ಬರೆಯಲೋ ಬೇಡವೋ ಎಂದು ಇಷ್ಟು ಹೊತ್ತು ಕೂತಿದ್ದೆ. ಅಮ್ಮನಿಗೆ ಹೇಳಿದಾಗ ಅವಳು ಬೆಚ್ಚಲಿಲ್ಲ. ಬಟಾಣಿ ಸುಲಿಯುತ್ತಿದ್ದ ಕೈ ನಿಲ್ಲಲೂ ಇಲ್ಲ. "ಗೊತ್ತು. ಮೂರನೇ ದಿನವೇ ನಿದ್ದೇಲಿ ಎಲ್ಲಾ ಬಡಬಡಿಸಿದೆ ನೀನು" ಎಂದಳು. ನಿನ್ನ ಮಗ್ಗುಲಿನಿಂದ ನನ್ನನ್ನು ಎತ್ತಿ ತನ್ನ ಪಕ್ಕ ಮಲಗಿಸಿಕೊಂಡದ್ದು ಅವತ್ತಿನಿಂದ. ನಿನ್ನ ಕೈಗೆ ಇನ್ನೊಂದು ಮಗು ಕೊಡಲು ಅಮ್ಮ ಹೆದರಿದಳು ಎಂದು ನೀನು ಅಂದುಕೊಂಡಿದ್ದೆ. ನಾನೂ ಹಾಗೇ ತಿಳಿದಿದ್ದೆ. ನನ್ನ ಮಾತು ನಿನ್ನ ಕಿವಿಗೆ ಬೀಳಬಾರದೆಂದು ಅವಳು ಹೆದರಿದ್ದಳು. ಯಾಕಮ್ಮಾ ಎಂದು ಕೇಳಿದೆ. "ನೀನು ಸಣ್ಣವಳು. ಅವಳು ದೊಡ್ಡವಳಲ್ವಾ, ತಡ್ಕೋತಾಳೆ ಅಂದ್ಕೊಂಡೆ" ಎಂದಳು.