ಪಿಕಪ್

ಎಲಿಜಬೆತ,

ಇವತ್ತು ಆರಾಧನೆ ಮುಗಿದ ಮೇಲೆ ನಿನ್ನ ತಮ್ಮ ಜೋಯಲ ತಾನು ಕೊಂಡ ಹಳೆಯ ಫಿಯೇಟನ್ನು ತಂದು ನಮ್ಮ ಅಂಬಾಸಿಡರಿನ ಪಕ್ಕದಲ್ಲಿ ನಿಲ್ಲಿಸಿದ.

"ಮಾಮಾ, ಯಾವುದು ಚಲೋ? ಖರೇ ಹೇಳ್ರಿ."

ನಾನು ಎಂದಿನಂತೆ ಶುರು ಮಾಡಿದೆ. ನಮ್ಮದು ಸಾವಿರದ ನಾನೂರ ಎಂಬತ್ತೊಂಬತ್ತು ಸಿಸಿ, ಅದು ಬರೀ ಸಾವಿರದ ಎಂಬತ್ತೊಂಬತ್ತು. ನಮ್ಮದು ವೆರಿ ಕಂಫರ್ಟೇಬಲ್, ಅದು ಹಗುರ.

"ಮತ್ತ ಪಿಕಪ್?"

ಅದನ್ನು ಕೇಳಿ ನಿನ್ನ ಕೊನೆಯ ಫೋನ್ ನೆನಪಾಯಿತು. ಆ ದಿನ ನಾನು ಕಾರ್ಬೊರೇಟರ್ ರಿಪೇರಿ ಮಾಡಿಸಿ ಕೂತಿದ್ದೆ. ನೀನು ಕಲಿಸುತ್ತಿದ್ದ ಭಾಲ್ಕಿಯ ಶಾಲೆಯಿಂದ ಫೋನ್ ಮಾಡಿ, "ಇವತ್ತು ಪಿಕಪ್ ಅದನ್ರಿ?" ಎಂದೆ. ನಾನು ಗಾಡಿಯ ವೇಗ ಕೇಳುತ್ತಿದ್ದೀ ಎಂದುಕೊಂಡು, "ಮಸ್ತ ಅದ, ಫಿಯೇಟಿಗಿಂತ ಜಾಸ್ತಿ" ಎಂದೆ. ನೀನು ನಕ್ಕು, "ಇರಲಿ ಬಿಡ್ರಿ" ಎಂದು ಫೋನ್ ಇಟ್ಟೆ. ಪಿಕಪ್ ಎಂದರೆ ಬಂದು ಕರೆದುಕೊಂಡು ಹೋಗುವುದೂ ಹೌದು ಎಂದು ಕಾಲೇಜಿನಲ್ಲಿ ಓದಿದ್ದೆ. ಆಗ ನೆನಪಾಗಲಿಲ್ಲ.

ಆ ಸಂಜೆ ನೀನು ಹತ್ತಿದ ಬಸ್ಸು ಬೀದರ ತಲುಪಿದಾಗ ಎಲ್ಲರೂ ಇಳಿದರು, ನೀನು ಸೀಟಿನಿಂದ ಏಳಲಿಲ್ಲ.

"ಪಿಕಪ್ ಫಿಯೇಟಿಂದೇ ಚಲೋ" ಎಂದು ನಿನ್ನ ತಮ್ಮನಿಗೆ ಹೇಳಿದೆ. "ಮಾಮಾ ಸೋತ್ರು!" ಎಂದು ಜೋಯಲ ಚಪ್ಪಾಳೆ ಹೊಡೆದ.

ಮಧ್ಯಾಹ್ನ ಅಂಬಾಸಿಡರ್ ತೆಗೆದುಕೊಂಡು ಭಾಲ್ಕಿಯ ನಿನ್ನ ಶಾಲೆಯ ಗೇಟಿನ ತನಕ ಹೋಗಿ ಬಂದೆ. ಹೋಗಲು ಐವತ್ತು ನಿಮಿಷ ಸಾಕಾಯಿತು.

ನಿನ್ನ,
ಮತ್ತಾಯ