ಪಡುವಣ ಇಳಿಜಾರಿನ ಕಲ್ಲುಗಳು

ಚೇಸ್ ಕೌಂಟಿ, ಕ್ಯಾನ್ಸಸ್
ಶನಿವಾರ, ಏಪ್ರಿಲ್ 29, 1989

ಪ್ರೀತಿಯ ತಮ್ಮಾ ವೆಂಡೆಲ್,

ಹೇಗಿದ್ದೀಯೋ? ಬೆನ್ನುನೋವೆಂದು ಕ್ರಿಸ್‌ಮಸ್ ಕಾರ್ಡಿನಲ್ಲಿ ನೀನು ಒಂದೇ ಸಾಲು ಗೀಚಿದ್ದೆ. ಮರದ ಮಿಲ್ಲಿನ ಕೆಲಸ ಬಿಡು ಎಂದರೆ ಕೇಳುವ ಪೈಕಿಯೇ ನೀನು? ಒರೆಗಾನಿನಲ್ಲಿ ಬಿಡದೆ ಮಳೆಯಂತೆ, ಬೆನ್ನಿಗೆ ಶಾಖವನ್ನಾದರೂ ಕೊಟ್ಟುಕೋ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಅಪ್ಪನಿಗೆ ಎಂಬತ್ತೊಂದಾಯಿತು, ಮಂಡಿ ಕೈಕೊಟ್ಟಿದೆ, ಬಾಯಿ ಮಾತ್ರ ಗಟ್ಟಿಯಾಗಿದೆ. ಡೇಲ್ ನಮ್ಮ ಮದುವೆಗೆ ಮೊದಲಿನ ಅದೇ ಪಿಕಪ್ಪನ್ನು ಇನ್ನೂ ರಿಪೇರಿ ಮಾಡುತ್ತಲೇ ಇದ್ದಾನೆ. ಇಷ್ಟು ಬರೆದು ಮುಗಿಸಿಬಿಡೋಣವೆಂದರೆ ಮನಸ್ಸು ಒಪ್ಪುತ್ತಿಲ್ಲ. ನಿನ್ನನ್ನು ಮನೆ ಬಿಡಿಸಿದ ಕಲ್ಲುಗಳ ವಿಷಯ ಬರೆಯಬೇಕು. ಸಿಟ್ಟು ಬಂದರೂ ಪೂರ್ತಿ ಓದು, ಒಲೆಗೆ ಹಾಕಬೇಡ.

ಇವತ್ತು ವರ್ಷಕ್ಕೊಮ್ಮೆ ಕಲ್ಲು ಮಗುಚಿ ಹಾವು ಎಣಿಸುವ ಶನಿವಾರ. ಹುಲ್ಲುಗಾವಲಿಗೆ ಬೆಂಕಿ ಕೊಟ್ಟು ಮೂರು ವಾರವಾಯಿತು, ಕರಿಯ ನೆಲದಲ್ಲೆಲ್ಲ ಹಸಿರು ಎದ್ದಿದೆ. ಅಪ್ಪನನ್ನು ಪಿಕಪ್ಪಿನಲ್ಲಿ ಗುಡ್ಡಕ್ಕೆ ಕರೆದೊಯ್ದೆ. ಹಿಂಬದಿಯ ಹಲಗೆಯ ಮೇಲೆ ಕಾಫಿ, ದಾಲ್ಚಿನ್ನಿ ಬನ್ನು ಹಿಡಿದು ಕೂತವನು ಅಲ್ಲಿಂದಲೇ ದರ್ಬಾರು ಶುರುಮಾಡಿದ. "ಏ ಮಾರ್ಲಾ, ಕಲ್ಲನ್ನ ನಿನ್ ಕಡೆಗೆ ಎತ್ತೇ! ಹಾವಿಗೆ ಆಚೆ ಹೋಗೋಕೆ ದಾರಿ ಬಿಡು. ಎಷ್ಟ್ ಸಲ ಹೇಳ್ಬೇಕು ನಿಂಗೆ?" ನನಗೆ ಮೂವತ್ತೈದು ವರ್ಷ, ಎರಡು ಮಕ್ಕಳು, ಆದರೂ ಈ ಬೈಗುಳ ತಪ್ಪಲಿಲ್ಲ ನೋಡು. ಕೊರಳಿಗೆ ಹಳದಿ ಪಟ್ಟಿಯಿರುವ ಬೆರಳುಗಾತ್ರದ ಹಾವುಗಳು ಮೂವತ್ತೊಂದು ಸಿಕ್ಕವು, ಹಾವುರಾಣಿ ಆರು. ಒಂದೊಂದು ಕಲ್ಲನ್ನೂ ಮೊದಲಿದ್ದ ಗುಂಡಿಯಲ್ಲೇ, ಮೊದಲಿದ್ದ ಮಗ್ಗುಲಲ್ಲೇ ಮಲಗಿಸಿದೆ.

ಆಮೇಲೆ ಪಡುವಣ ಇಳಿಜಾರಿಗೆ ಹೋದೆವು. ಹದಿನಾಲ್ಕು ವರ್ಷದಿಂದ ಅಲ್ಲಿ ಒಂದು ಓತಿಕ್ಯಾತವನ್ನೂ ಕಂಡಿರಲಿಲ್ಲ. ಇವತ್ತು ಚಪ್ಪಟೆ ಬಂಡೆಯೊಂದರ ಮೇಲೆ, ಕೊರಳಿಗೆ ಎರಡು ಕಪ್ಪು ಪಟ್ಟಿಯ ಹಸಿರು ಗಂಡು ಎದೆಯೆತ್ತಿ ಕೂತಿತ್ತು. ಅಪ್ಪ ಮಗುವಿನ ಹಾಗೆ ಕೈ ತಟ್ಟಿ, "ಬಂದ್ವಲ್ಲೇ, ಕೊನೆಗೂ ಬಂದ್ವು!" ಎಂದ. ನನಗೆ ತಡೆಯಲಾಗಲಿಲ್ಲ. ಕಲ್ಲೆತ್ತುವ ಕೊಕ್ಕೆಯನ್ನು ಅಲ್ಲೇ ಬಿಸಾಡಿ ಎಲ್ಲ ಹೇಳಿಬಿಟ್ಟೆ.

ನಿನಗೂ ಹೇಳುತ್ತೇನೆ ಕೇಳು. ಆ ವರ್ಷ ಪಡುವಣ ಇಳಿಜಾರು ನಿನ್ನ ಪಾಲಿನದು. ನೀನು ಮುಗಿಸಿ ಹೋದ ಮೇಲೆ, ಕೆಂಪು ಪಟ್ಟೆಯ ಹಾವು ಸಿಕ್ಕೀತೆಂದು ನಾನು ಅಲ್ಲಿಗೆ ಹೋದೆ. ಗೇಟಿನ ಹತ್ತಿರ ಡೇಲ್ ಒಂದೇ ಸಮನೆ ಹಾರ್ನ್ ಹೊಡೆಯುತ್ತಿದ್ದ. ಮಗುಚಿದ ಮೂವತ್ತು ಕಲ್ಲುಗಳನ್ನೂ ಹಾಗೆಯೇ ಅಂಗಾತ ಬಿಟ್ಟು ಓಡಿದೆ. ತೇವವೆಲ್ಲ ಆರಿ, ಅಡಿಯಲ್ಲಿದ್ದ ಮೊಟ್ಟೆ ಮರಿಗಳೆಲ್ಲ ಹಾಳಾದವು. ಮರುದಿನ ಚರ್ಚಿಗೆ ಹೋಗುವಾಗ ಅದನ್ನು ಕಂಡ ಅಪ್ಪ ಅಲ್ಲಿನ ಊಟದಲ್ಲಿ ಎಲ್ಲರೆದುರು ನಿನಗೆ, "ಕಲ್ಲು ವಾಪಸ್ ಇಡೋಕೆ ಬರ್ದೋನಿಗೆ ನನ್ ನೆಲದಲ್ಲಿ ಜಾಗ ಇಲ್ಲ" ಎಂದ. "ನಾನಲ್ಲಪ್ಪ" ಎಂದೆ ನೀನು. ನಾನು ತಟ್ಟೆ ನೋಡುತ್ತಾ ಕೂತಿದ್ದೆ. ಹತ್ತೊಂಬತ್ತರ ನೀನು ಮಂಗಳವಾರ ಬಸ್ಸು ಹತ್ತಿದಾಗಲೂ ನಾನು ಬಾಯಿ ಬಿಡಲಿಲ್ಲ. ಡೇಲ್‌ಗಾಗಿ ಕಲ್ಲು ಬಿಟ್ಟು ಓಡಿದೆನೆಂದು ತಿಳಿದರೆ ನಮ್ಮ ಮದುವೆ ಮುರಿದುಬೀಳುತ್ತದೆಂದು ಹೆದರಿದ್ದೆ ಕಣೋ. ಡೇಲ್‌ನನ್ನು ಕಂಡರೆ ಅಪ್ಪನಿಗೆ ಮೊದಲೇ ಆಗುತ್ತಿರಲಿಲ್ಲ. ನನ್ನ ಸುಖಕ್ಕೆ ನಿನ್ನನ್ನು ಬಲಿಕೊಟ್ಟೆ. ನನ್ನನ್ನು ಕ್ಷಮಿಸು ಎಂದು ಕೇಳಲೂ ನಾಚಿಕೆಯಾಗುತ್ತದೆ.

ಅಪ್ಪ ಏನೆಂದ ಗೊತ್ತೇ? "ನಂಗೊತ್ತು" ಎಂದ! ಆ ಸೋಮವಾರ ಕಲ್ಲುಗಳನ್ನು ಸರಿಯಾಗಿಡಲು ಹೋದಾಗ ನನ್ನ ತಲೆಯ ಕ್ಲಿಪ್ಪು ಅವನಿಗೆ ಅಲ್ಲೇ ಸಿಕ್ಕಿತಂತೆ. ಸೋಮವಾರ, ವೆಂಡೆಲ್! ನೀನಿನ್ನೂ ಮನೆಯಲ್ಲೇ ಇದ್ದೆ. "ಊರ್ ಮುಂದೆ ಅಂದ್ಬಿಟ್ಟಿದ್ದೆ. ಹೆಂಗ್ ವಾಪಸ್ ತಗೊಳ್ಲಿ?" ಎಂದು ನೆಲ ನೋಡಿದ. ನನಗೆ ಮೈಯೆಲ್ಲ ಉರಿದುಹೋಯಿತು. ಹದಿನಾಲ್ಕು ವರ್ಷ ಒಂದೇ ಮೇಜಿನಲ್ಲಿ ಕೂತು ಉಂಡಿದ್ದೇವೆ, ಇಬ್ಬರಿಗೂ ಗೊತ್ತಿದ್ದು! ಬಾಯಿಗೆ ಬಂದ ಹಾಗೆ ಬೈದೆ. ಆಮೇಲೆ ಅವನನ್ನು ಪಿಕಪ್ಪಿಗೆ ಹತ್ತಿಸಿ ಮನೆಗೆ ಕರೆತಂದೆ.

ನೀನು ಬಂದೇ ತೀರಬೇಕೆಂದು ಹಟ ಮಾಡುವ ಮುಖ ನನಗಿಲ್ಲ. ಬಂದರೆ ನಿನ್ನ ಕೋಣೆ ಇದ್ದ ಹಾಗೆಯೇ ಇದೆ. ಡೇಲ್, ಮಕ್ಕಳು ನಿನ್ನನ್ನು ಕೇಳಿದ್ದಾರೆ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಕ್ಕ,
ಮಾರ್ಲಾ

ತಾ.ಕ.: ಭಾನುವಾರ ಮಧ್ಯಾಹ್ನ, ಅವಸರದಲ್ಲಿ ಬರೆಯುತ್ತಿದ್ದೇನೆ. ಇವತ್ತು ಚರ್ಚಿನ ಊಟದ ನಡುವೆ ಅಪ್ಪ ಮೇಜು ಹಿಡಿದು ಎದ್ದು ನಿಂತ. "ವೆಂಡೆಲ್ ಕಲ್ಲುಗಳನ್ನ ಸರಿಯಾಗೇ ಇಟ್ಟಿದ್ದ. ಇಲ್ಲೇ ನಿಂತು ನಾನು ತಪ್ಪು ಹೇಳ್ದೆ, ಗೊತ್ತಾದ್ಮೇಲೂ ಸುಮ್ಮನಿದ್ದೆ" ಎಂದ. ನಾನೂ ಎದ್ದು ನನ್ನ ಪಾಲಿನದನ್ನು ಹೇಳಿದೆ. ಆವತ್ತು ಕೇಳಿಸಿಕೊಂಡವರಲ್ಲಿ ಏಳು ಜನ ಈಗಿಲ್ಲ. ಅವರಿಗೂ ಹೇಳಬೇಕೆಂದು ಅಪ್ಪ ಹಟ ಹಿಡಿದು ಸ್ಮಶಾನಕ್ಕೆ ಕರೆದುಕೊಂಡು ಹೋಗೆಂದ. ಕೋಲೂರಿಕೊಂಡು ಒಂದೊಂದು ಸಮಾಧಿಯ ಮುಂದೆಯೂ ನಿಂತು ಹೇಳಿ ಬಂದ. ಇನ್ನು ಉಳಿದಿರುವವನು ನೀನೊಬ್ಬನೇ. ಮುಂದಿನ ಶನಿವಾರ ಸಂಜೆ ಆರಕ್ಕೆ ಫೋನ್ ಮಾಡುತ್ತಾನೆ. ಎತ್ತಿಕೋ ತಮ್ಮಾ.