ಹುಟ್ಟಿದ ಊರು ಜಯಸಿಂಗಪುರ

ಇಚಲಕರಂಜಿ
೯ ಫೆಬ್ರವರಿ ೧೯೬೪, ರವಿವಾರ

ನಳದ ನೀರು ಬಂದದ್ದು ತಡ. ಅಡಿಗೆಯೂ ತಡ. ಇವರಿಗೆ ಅಂಗಡಿ ಸೂಟಿ, ರೇಡಿಯೊ ಹಚ್ಚಿಕೊಂಡು ಕೂತಿದ್ದರು — ಸಿಲೋನ್. ನಾನು ಬೆಳ್ಳುಳ್ಳಿ ಸುಲಿಯುತ್ತಿದ್ದೆ. ಇದ್ದಕ್ಕಿದ್ದಂತೆ —

“ಸುಶೀಲಾ, ಈ ದನಿ ಬರೂ ಊರಿಗೆ ಹೋಗಿ ಬರೂಣೇನು?”

“ಯಾವ ಊರಿಗ್ರಿ?”

“ಸಿಲೋನಿಗೆ. ದೀಪಾವಳಿ ಆದ ಮ್ಯಾಲೆ.”

ಬೆಳ್ಳುಳ್ಳಿ ಕೈಯಲ್ಲೇ ಉಳಿಯಿತು. ಹದಿನೇಳು ವರ್ಷದಲ್ಲಿ ಈ ಮನುಷ್ಯ ನನ್ನನ್ನು ಕೊಲ್ಹಾಪುರದ ರಂಕಾಳ ಕೆರೆಯ ದಂಡೆಗೂ ಕರೆದುಕೊಂಡು ಹೋಗಿಲ್ಲ. ಸೀರೆ ಅಂಗಡಿ, ಅತ್ತೆಯ ಹಾಸಿಗೆ, ಮತ್ತೆ ಅಂಗಡಿ. ಅತ್ತೆ ತೀರಿ ಈಗ ವರ್ಷವಾಯಿತು. ಅದಕ್ಕೇ ಇರಬೇಕು... ಮನಸ್ಸು ಬಿಚ್ಚಿದ್ದಾರೆ.

ಸಮುದ್ರ! ಯಾರಿಗೂ ಹೇಳಿಲ್ಲ. ಈ ವಹಿಗೆ ಮಾತ್ರ.

೧೨ ಫೆಬ್ರವರಿ

ಸೀರೆ ಡಬ್ಬಿಯ ಮುಚ್ಚಳದ ಮೇಲೆ ದಾರಿ ಬರೆದು ತೋರಿಸಿದರು. ಹಾತಕಣಂಗಲೆಯಲ್ಲಿ ಗಾಡಿ, ಮಿರಜಿನಲ್ಲಿ ಬದಲು. ಬೆಂಗಳೂರು, ಮದ್ರಾಸು, ಧನುಷ್ಕೋಟಿ. ಅಲ್ಲಿ ರೈಲು ಇಳಿದರೆ ಎದುರಿಗೇ ಹಡಗಂತೆ. ಎರಡು ಮೂರು ತಾಸಿನಲ್ಲಿ ಲಂಕೆ. ಎಲ್ಲ ಬಾಯಿಪಾಠ! ಎಷ್ಟು ದಿನದಿಂದ ಯೋಚಿಸಿದ್ದರೋ, ಒಂದು ಮಾತು ಆಡಿಲ್ಲ.

“ನಿಂಬಿಹಣ್ಣ ಇಟ್ಕೊ. ನಿನಗ ಬಸ್ಸಿನಾಗ ವಾಂತಿ ಆಗತೈತಿ, ಹಡಗಿನಾಗ ಕೇಳೂದ ಬ್ಯಾಡ.”

ನನಗೆ ಬಸ್ಸಿನಲ್ಲಿ ಎಂದೂ ವಾಂತಿಯಾಗಿಲ್ಲ. ತವರೂರು ನೇಸರಿಯ ಹಾದಿಯಲ್ಲಿ ಕುಲುಕಿ ಬೆಳೆದ ಹೊಟ್ಟೆ ಇದು. ಇರಲಿ — ಕಾಳಜಿ ಮಾಡಿದರಲ್ಲ. ಹೂಂ ಅಂದೆ.

೧ ಮಾರ್ಚ್

ಈಚೆಗೆ “ಸುಶೀಲಾ” ಅಂತ ಕರೆಯುವಾಗ ದನಿಯೇ ಬೇರೆ. ಹುಡುಗರ ದನಿ.

ನಾನು ಸುಶೀಲಾ ಅಲ್ಲ. ನೇಸರಿಯ ಯಮುನವ್ವ. ಇವರ ಮೊದಲ ಹೆಂಡತಿ ಸುಶೀಲಾ ತೀರಿ ಎರಡು ವರ್ಷಕ್ಕೆ ನನ್ನನ್ನು ತಂದರು. ಮದುವೆಯಲ್ಲಿ ಹೆಸರು ಬದಲಿಸುವುದು ಎಲ್ಲ ಕಡೆ ಇದ್ದದ್ದೇ. ಅತ್ತೆ ಹಳೇ ಹೆಸರನ್ನೇ ನನಗೂ ಇಟ್ಟರು. “ಭಾಂಡ್ಯಾದ ಮ್ಯಾಲಿನ ಹೆಸರ ಅಳಸೂ ಕೆಲಸ ಉಳೀತು” ಅಂದಿದ್ದರು. ನಿಜ. ತಪ್ಪೇಲಿ, ಕೊಡ, ತಾಟು — ಎಲ್ಲದರ ಮೇಲೂ ಸುಶೀಲಾ. ನನ್ನ ಕೊರಳಲ್ಲಿ ಆಕೆಯ ನೆನಪಿನ ಬೆಳ್ಳಿ ಬಿಲ್ಲೆ, ಮಂಗಳಸೂತ್ರದ ಜೊತೆ. ಮೊದಲು ಚುಚ್ಚುತ್ತಿತ್ತು. ಈಗ ಇದೆ ಅಂತಲೂ ಗೊತ್ತಾಗುವುದಿಲ್ಲ.

ಹೆಸರು ಯಾರದಾದರೇನು. ಕರೆಯುವುದು ನನ್ನನ್ನೇ.

೨೨ ಮಾರ್ಚ್, ರವಿವಾರ

ಕೊಲ್ಹಾಪುರ. ಪಾಸ್‌ಪೋರ್ಟಿನ ಫೋಟೊ ತೆಗೆಸಿದೆವು. ಫೋಟೊದವನು ನಗಬೇಡಿ ಅಂದ, ನನಗೆ ತಡೆಯಲೇ ಆಗಲಿಲ್ಲ. ಮೂರು ಸಲ ತೆಗೆದ. ಆಮೇಲೆ ರಂಕಾಳಕ್ಕೆ ಹೋದೆವು, ತಾವಾಗಿಯೇ ಕರೆದೊಯ್ದರು. ಟಾಂಗಾ ಅಡ್ಡ ಬಂದಾಗ ಮೊಳಕೈ ಹಿಡಿದರು. ದಾಟಿದ ಮೇಲೂ ಬಿಡಲಿಲ್ಲ.

“ಸಮುದ್ರ ಅಂದ್ರ ಇದರಂಗ ಅಲ್ಲ. ಆಚಿ ದಂಡಿನ ಇರೂದಿಲ್ಲ.”

ಮೂವತ್ತಾರಕ್ಕೆ ನನಗೆ ಮದುವೆಯಾದ ಹಾಗಾಯಿತು. ಬರೆಯಲು ನಾಚಿಕೆ... ಬರೆದೆ.

೧೧ ಏಪ್ರಿಲ್, ಸಂಜೆ ನಾಲ್ಕು

ಫಾರ್ಮು ತುಂಬಿಸಿಟ್ಟು ಅಂಗಡಿಗೆ ಹೋಗಿದ್ದರು. “ನಿನ್ನ ಸಹಿ ಅಷ್ಟ ಬಾಕಿ.” ಎಲ್ಲ ಇಂಗ್ಲಿಷ್. ಎಲ್ಲಿ ಸಹಿ ಮಾಡಬೇಕೆಂದು ಎದುರು ಮನೆಯ ಶಾಲನಬಾಯಿಗೆ ಕೇಳಲು ಹೋದೆ. ಶಾಲೆಯಲ್ಲಿ ಕಲಿಸುವವರು. ಓದುತ್ತಾ ಹೋದರು.

“ಸುಶೀಲಕ್ಕ, ನಿಮಗ ನಲವತ್ಮೂರ? ಖರೇನ ಹಂಗ ಕಾಣೂದಿಲ್ರಿ.”

“ಎಷ್ಟ?”

“ಇಲ್ಲಿ ಬರದಾರಲ್ಲ. ಸಾವಿರದ ಒಂಬೈನೂರಾ ಇಪ್ಪತ್ತೊಂದು, ಮಾರ್ಚ್ ನಾಕು. ಹುಟ್ಟಿದ ಊರು ಜಯಸಿಂಗಪುರ.” ತಲೆ ಎತ್ತಿದರು. “ನಿಮ್ಮ ತವರಮನಿ ನೇಸರಿ ಅಂದಂಗಿತ್ತಲ್ಲ?”

ಜಯಸಿಂಗಪುರ ಆಕೆಯ ತವರು.

ಏನೋ ಹೇಳಿ ಎದ್ದು ಬಂದೆ. ಚಹಾ ಬೇಡ ಅಂದೆ ಅನಿಸುತ್ತದೆ.

ಹಡಗಿನಲ್ಲಿ ವಾಂತಿಯಾಗುವುದು ಯಾರಿಗೆ ಅಂತ ಈಗ ಗೊತ್ತಾಯಿತು.

೧೨ ಏಪ್ರಿಲ್

ಊಟದ ತಾಟಿನ ಪಕ್ಕ ಫಾರ್ಮು ಇಟ್ಟೆ.

“ಇದು ಯಾರ ತಾರೀಖ್ರಿ?”

ಕನ್ನಡಕ ಹಾಕಿಕೊಂಡು ನೋಡಿದರು. ಭಾಳ ಹೊತ್ತು. ಕದ್ದು ಸಿಕ್ಕವರ ಮುಖವಾಗಿದ್ದರೆ ನಾಲ್ಕು ಮಾತು ಅನ್ನುತ್ತಿದ್ದೆ. ಅದಲ್ಲ. ತಾವು ಬರೆದದ್ದನ್ನು ತಾವೇ ಈಗ ನೋಡಿದ ಮುಖ.

“ಕೈ ತಾನ ಬರದ ಬಿಟ್ಟೈತಿ...”

“ಹದಿನೇಳ ವರ್ಷ ಆತ್ರಿ.”

“ನಿಂದು... ಯಾವ ತಾರೀಖು?”

ನಗು ಬಂತು. ನನಗೂ ಗೊತ್ತಿಲ್ಲ. ಕಬ್ಬು ಕಡಿಯುವಾಗ ಹುಟ್ಟಿದೆ ಅನ್ನುತ್ತಿದ್ದಳು ಅವ್ವ. ರೊಟ್ಟಿ ಬಡಿಸಿದೆ. ಉಣ್ಣಲಿಲ್ಲ. ನಾನೂ ಉಣ್ಣಲಿಲ್ಲ.

೩ ಮೇ

ನಿನ್ನೆ ಗಡಹಿಂಗ್ಲಜ. ನಾನು ಅಜ್ಜಿಯ ಮನೆಯಲ್ಲಿದ್ದು ಕಲಿತ ಕನ್ನಡ ಶಾಲೆ. ದಾಖಲೆ ತರಲು ಇಬ್ಬರೂ ಹೋದೆವು. ಬಸ್ಸಿನಲ್ಲಿ ನಾನೇ ಕೇಳಿದೆ, ಕೇಳದೆ ಇರಲಾಗಲಿಲ್ಲ.

“ಆಕಿಗೆ ಸಿಲೋನಿಗೆ ಹೋಗೂದಿತ್ತೇನ್ರಿ?”

ಕಿಡಕಿಯ ಹೊರಗೆ ನೋಡುತ್ತಾ ಹೇಳಿದರು. “ಮಾತ ಕೊಟ್ಟಿದ್ದೆ. ಯುದ್ಧ ಮುಗೀಲಿ ಅಂದೆ. ಅದರಕಿಂತ ಮೊದಲ ಆಕಿ ಹ್ವಾದ್ಲು.”

ನಾನು ಕೈಚೀಲದಲ್ಲಿದ್ದ ನಿಂಬೆಹಣ್ಣನ್ನು ಒತ್ತುತ್ತಾ ಕೂತೆ.

ರಜಿಸ್ಟರಿನಲ್ಲಿ ಯಮುನವ್ವ, ಜೂನ್ ಒಂದು, ೧೯೨೮. ಹಿಂದಿನ ಹುಡುಗಿಗೂ ಜೂನ್ ಒಂದು, ಮುಂದಿನವಳಿಗೂ ಜೂನ್ ಒಂದು. ಮಾಸ್ತರರು ಎಲ್ಲರಿಗೂ ಅದನ್ನೇ ಬರೆದಿದ್ದಾರೆ. ಆಕೆಯದು ಖರೇ ತಾರೀಖು, ಇವರಿಗೆ ಬಾಯಿಗೆ ಬರುತ್ತದೆ. ನನ್ನದು ಮಾಸ್ತರರ ತಾರೀಖು.

“ಪಾಸ್‌ಪೋರ್ಟಿಗೆ ಯಾವ ಹೆಸರ ಹಾಕೂದು?” ಕೇಳಿದರು.

“ನಂದು.”

೧೯ ಆಗಸ್ಟ್

ಟಪಾಲಿನವನು ತಂದ. ಯಮುನವ್ವ ಅಣ್ಣಾಸಾಹೇಬ ಪಟ್ಟಣಶೆಟ್ಟಿ. ಫೋಟೊದಲ್ಲಿ ತುಟಿ ಒತ್ತಿ ಹಿಡಿದು ನಗು ತಡೆದಿದ್ದೇನೆ. ಎಷ್ಟು ಸಲ ನೋಡಿದೆನೋ.

ಇವರೂ ನೋಡಿದರು. “ಚಲೋ ಆತು” ಅಂದರು. ಕಪಾಟಿನಲ್ಲಿ ಸೀರೆಗಳ ಕೆಳಗೆ ಇಟ್ಟರು. ರೇಡಿಯೊ ಹಚ್ಚಲಿಲ್ಲ.

೨೨ ನವೆಂಬರ್

ದೀಪಾವಳಿ ಮುಗಿಯಿತು. ಬಾಯಿಬಿಟ್ಟು ಕೇಳಿದೆ.

“ಲಗ್ನದ ಗಿರಾಕಿ ಸುರು ಆಗ್ಯಾರ. ಬರೂ ವರ್ಷ ನೋಡೂಣು.”

ಸುಳ್ಳು. ಅವರಿಗೂ ಗೊತ್ತು, ನನಗೂ ಗೊತ್ತು. ಸುಶೀಲಾಳ ಜೊತೆ ಹಡಗು ಹತ್ತಬಹುದಿತ್ತು. ಯಮುನವ್ವ ಯಾರು? ನೇಸರಿಯ ಯಾವಳೋ ಹೆಣ್ಣುಮಗಳು.

ಯಾಕಾದರೂ ಆ ಫಾರ್ಮು ತೋರಿಸಿದೆ. ಸುಮ್ಮನೆ ಸಹಿ ಹಾಕಿದ್ದರೆ... ಜಯಸಿಂಗಪುರದವಳಾಗಿ, ನಲವತ್ತಮೂರರವಳಾಗಿ, ನಿಂಬೆಹಣ್ಣು ಮೂಸುತ್ತಾ ಹೋಗುತ್ತಿದ್ದೆ. ಪಕ್ಕದಲ್ಲಿ ಕೂಡುವವಳು ನಾನೇ ಆಗಿರುತ್ತಿದ್ದೆನಲ್ಲ. ಮೊಳಕೈ ನನ್ನದೇ ತಾನೆ ಹಿಡಿಯುತ್ತಿದ್ದರು. ಅಷ್ಟಾದರೂ ಸಿಗುತ್ತಿತ್ತು.

ಹಡಗಿಗೆಂದು ತಂದ ನಿಂಬೆಹಣ್ಣಿಗೆಲ್ಲ ಉಪ್ಪು ಹಾಕಿದೆ. ಉಪ್ಪಿನಕಾಯಿ.

೨೬ ಡಿಸೆಂಬರ್, ಮಧ್ಯಾಹ್ನ

ಊಟದ ಹೊತ್ತಿಗೆ ಮೊದಲೇ ಅಂಗಡಿಯಿಂದ ಬಂದರು. ಕೈಯಲ್ಲಿ ಪೇಪರು. ಧನುಷ್ಕೋಟಿಗೆ ಬಿರುಗಾಳಿ ಬಡಿದಿದೆ. ಸಮುದ್ರ ಊರನ್ನೇ ನುಂಗಿದೆ. ರೈಲಿಗೆ ರೈಲೇ ಹೋಗಿದೆ, ಮಂದಿಯ ಸಮೇತ.

ಇವರು ಹೊಸ್ತಿಲ ಹತ್ತಿರವೇ ಕೂತರು. ನನ್ನ ಮುಖ ನೋಡಿದರು, ನನ್ನದೇ.

“ಸುಶೀಲಾ, ಹಡಗ ಹತ್ತೂ ಜಾಗಾನ ಹೋತು. ಇನ್ನ ಆಕಿನ್ನ ಹೆಂಗ ಕರಕೊಂಡ ಹೋಗ್ಲಿ?”

ಪಕ್ಕದಲ್ಲಿ ಕೂತು ತಲೆ ಹೆಗಲಿಗೆ ಒರಗಿಸಿಕೊಂಡೆ. “ಹೋಗೂದು ಬ್ಯಾಡ ಬಿಡ್ರಿ. ನಾ ಇಲ್ಲೇ ಅದೀನಲ್ಲ.” ಯಾರ ಪರವಾಗಿ ಅಂದೆನೋ. ಮಗುವಿನ ಹಾಗೆ ಅತ್ತರು. ಹದಿನೇಳು ವರ್ಷದಲ್ಲಿ ಮೊದಲ ಸಲ ನನ್ನ ಹೆಗಲ ಮೇಲೆ. ನಾನೂ ಅತ್ತೆ. ತಮಗಾಗಿ ಅಳುತ್ತಿದ್ದೇನೆ ಅಂದುಕೊಂಡು ನನ್ನ ಬೆನ್ನು ಸವರಿದರು.

ಈಗ ಮಲಗಿದ್ದಾರೆ. ಸೀರೆಗಳ ಕೆಳಗಿಂದ ಪಾಸ್‌ಪೋರ್ಟ್ ತೆಗೆದು ಕೂತಿದ್ದೇನೆ. ಹಡಗು ಹತ್ತುವಾಗ ಸಾಹೇಬ ಹೆಸರು ಓದಿ ಕೂಗುತ್ತಾನಂತೆ, ಶಾಲನಬಾಯಿ ಹೇಳಿದ್ದರು. ಯಮುನವ್ವ ಅಂತ. ಆಗ ಇವರು ಪಕ್ಕದಲ್ಲಿ ನಿಂತು ಕೇಳಬೇಕು, ಒಂದು ಸಲ, ನನ್ನ ಕಡೆ ತಿರುಗಿ —

ಎದ್ದರು. ಕರೆಯುತ್ತಿದ್ದಾರೆ. ಸುಶೀಲಾ ಅಂತ.

ಬಂದೆ ಅಂದೆ. ಚಹಾಕ್ಕೆ ಇಡಬೇಕು.